ಮಾವಿನ ತೋಪು, ಕಾವಲಿನ ಟಾರ್ಚು: ಸರಳರೇಖೆ ಮತ್ತು ವೃತ್ತದ ಲೆಕ್ಕ ಮಾಡುವ ಬಗೆ

ಕೋಲಾರದಲ್ಲಿ ಪಿಯು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಸಂಜೆ ಆರರ ಬ್ಯಾಚಿನಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು. ಕಾಲೇಜಿನ ಪುಸ್ತಕ ಇಂಗ್ಲಿಷು. ಅನುಮಾನ ಕೇಳುವುದು ಮಾತ್ರ ಕನ್ನಡದಲ್ಲಿ. ಆದರೆ ಸರಳರೇಖೆ, ವೃತ್ತದ ಪಾಠ ಶುರುವಾಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸಾರ್, ಇದಕ್ಕೆ ಯಾವ ಫಾರ್ಮುಲಾ?"

ಶ್ರೀನಿವಾಸಪುರದ ಕಡೆಯಿಂದ ಬರುವ ಒಬ್ಬ ಹುಡುಗಿ ಒಂದು ದಿನ ನೋಟ್‌ಬುಕ್ ತೋರಿಸಿದಳು. ಎರಡು ಪುಟ ತುಂಬ ಸೂತ್ರ. ಒಂದೊಂದಕ್ಕೂ ಕೆಂಪು ಪೆನ್ನಿನ ಚೌಕಟ್ಟು ಬೇರೆ. ಚಿತ್ರ ಮಾತ್ರ ಒಂದೂ ಇಲ್ಲ. ಅವರ ಮನೆಯವರದು ಮಾವಿನ ತೋಪು. ನಾನು ಕೇಳಿದೆ: "ಯಾವುದೋ ಒಂದು ಮರದ ಕಾಯಿ ಬಲಿತಿದೆ ಅಂತ ಅಪ್ಪನಿಗೆ ಹೇಗೆ ಹೇಳ್ತೀಯಮ್ಮ?"

"ಬಾವಿಯಿಂದ ಆ ಕಡೆಗೆ ಆರನೇ ಮರ, ಅಲ್ಲಿಂದ ಮೇಲಕ್ಕೆ ಎರಡನೇದು ಅಂತೀನಿ ಸಾರ್."

ಅಷ್ಟೇ. ಪಾಠ ಅವಳಿಗೆ ಆಗಲೇ ಬರುತ್ತಿತ್ತು. ಅದನ್ನೇ ಹಾಳೆಗೆ ಇಳಿಸುತ್ತಾ ಹೋದರೆ ಎರಡು ಪುಟದ ಸೂತ್ರದಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ. ಗೆರೆ ಮತ್ತು ವೃತ್ತ ಒಟ್ಟಿಗೆ ಬಂದಾಗಂತೂ ಕೇಳಬೇಕಾದ ಪ್ರಶ್ನೆ ಒಂದೇ: ಕೇಂದ್ರದಿಂದ ಗೆರೆಗೆ ಎಷ್ಟು ದೂರ? ಅಲ್ಲಿಗೆ ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಇಲ್ಲಿ ಎಕ್ಸ್, ವೈ ಅಂತ ಬಾಯಲ್ಲಿ ಹೇಳುವ ಹಾಗೇ ಬರೆಯುತ್ತೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ತೋಪನ್ನು ಹಾಳೆಗೆ ಇಳಿಸಿ

ಮಾವಿನ ಸಸಿಗಳನ್ನು ಸಾಮಾನ್ಯವಾಗಿ 10 ಮೀಟರ್‌ಗೆ ಒಂದರಂತೆ ಚೌಕವಾಗಿ ನೆಡುತ್ತಾರೆ. ಹಾಗಾಗಿ ತೋಪು ಅಂದರೆ ನೆಲದ ಮೇಲೆ ಬರೆದ ಗ್ರಾಫ್ ಹಾಳೆಯೇ. ಬಾವಿಯನ್ನು ಮೂಲಬಿಂದು ಮಾಡಿ, (0, 0). ಪೂರ್ವಕ್ಕೆ ಎಣಿಸಿದ್ದು ಎಕ್ಸ್, ಉತ್ತರಕ್ಕೆ ಎಣಿಸಿದ್ದು ವೈ. ಪಶ್ಚಿಮಕ್ಕೂ ದಕ್ಷಿಣಕ್ಕೂ ಹೋದರೆ ಮೈನಸ್. ಒಂದು ಮನೆ ಅಂದರೆ 10 ಮೀಟರ್.

1637ರಲ್ಲಿ ಫ್ರಾನ್ಸಿನ ದೆಕಾರ್ತ ಬಿಂದುವಿಗೆ ಹೀಗೆ ಸಂಖ್ಯೆ ಕೊಟ್ಟು ರೇಖಾಗಣಿತಕ್ಕೂ ಬೀಜಗಣಿತಕ್ಕೂ ಗಂಟು ಹಾಕಿದ ಅಂತ ಪುಸ್ತಕದಲ್ಲಿ ಓದುತ್ತೀರಿ. ತೋಪಿನವರು ಹೆಸರಿಡದೆ ಅದೇ ಕೆಲಸ ಮಾಡುತ್ತಾರೆ.

ಈಗ (1, 2) ಮತ್ತು (4, 6) ಈ ಎರಡು ಮರಗಳ ನಡುವೆ ದೂರ ಎಷ್ಟು? ಅಡ್ಡಕ್ಕೆ 3 ಮನೆ, ಮೇಲಕ್ಕೆ 4 ಮನೆ. ಲಂಬಕೋನ ತ್ರಿಭುಜ ಬಂತು. 9 + 16 = 25, ವರ್ಗಮೂಲ 5. ಅಂದರೆ 50 ಮೀಟರ್. ದೂರದ ಸೂತ್ರ ಅಂತ ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು ಇದೇ ಪೈಥಾಗೊರಸ್.

ಇಲ್ಲಿ ಮಕ್ಕಳು ಎಡವುವುದು ಮೈನಸ್‌ನಲ್ಲಿ. (3, −2) ಇಂದ (1, 2) ಗೆ ವೈ ವ್ಯತ್ಯಾಸ ಎಷ್ಟು ಅಂದರೆ ಹತ್ತರಲ್ಲಿ ಮೂವರು ಸೊನ್ನೆ ಅನ್ನುತ್ತಾರೆ. 2 − (−2) = 4. ಆವರಣ ಹಾಕಿ ಬರೆಯಿರಿ. ಸಾಲದಿದ್ದರೆ ಬೆರಳಿಟ್ಟು ಮನೆ ಎಣಿಸಿ. ನಾಚಿಕೆ ಏನೂ ಇಲ್ಲ.

(1, 2), (4, 6) ಮರಗಳ ಮಧ್ಯಬಿಂದು ಬೇಕಾದರೆ ಸರಾಸರಿ ತೆಗೆಯಿರಿ: (2.5, 4). ಅಲ್ಲಿ ಮರ ಇರುವುದಿಲ್ಲ, ಎರಡು ಸಾಲಿನ ನಡುವೆ ಬೀಳುತ್ತದೆ. ಬಿಂದುವಿಗೆ ಅದು ಅಡ್ಡಿಯಲ್ಲ.

ಸ್ಲೋಪ್: ಅಂತರಗಂಗೆಯ ಮೆಟ್ಟಿಲು

ನಮ್ಮ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿದ್ದೀರಲ್ವಾ? ಒಂದು ಮೆಟ್ಟಿಲು ಒಂದಡಿ ಅಗಲ, ಅರ್ಧ ಅಡಿ ಎತ್ತರ ಅಂತಿಟ್ಟುಕೊಳ್ಳಿ. ಮುಂದಕ್ಕೆ 1, ಮೇಲಕ್ಕೆ ಅರ್ಧ. ಸ್ಲೋಪ್ ಅಂದರೆ ಏರಿದ್ದನ್ನು ಮುಂದೆ ಹೋದದ್ದರಿಂದ ಭಾಗಿಸಿದ್ದು. ಇಲ್ಲಿ 1/2.

ಒಬ್ಬ ಹುಡುಗ ಕೇಳಿದ: "ಸಾರ್, ಇಳಿಯುವಾಗ ಸ್ಲೋಪ್ ಮೈನಸ್ ಆಗುತ್ತಲ್ವಾ?" ಒಳ್ಳೆ ಪ್ರಶ್ನೆ. ಇಳಿಯುವಾಗ ಕೆಳಕ್ಕೆ ಬರುತ್ತೀರಿ, ಅದು −1/2. ಜೊತೆಗೆ ಹಿಂದಕ್ಕೂ ಬರುತ್ತೀರಿ, ಅದು −1. ಮೈನಸ್ಸನ್ನು ಮೈನಸ್‌ನಿಂದ ಭಾಗಿಸಿದರೆ ಮತ್ತೆ 1/2. ಸ್ಲೋಪ್ ಬೆಟ್ಟದ್ದು, ನಡೆಯುವವರದ್ದಲ್ಲ. ಅದಕ್ಕೇ ಸೂತ್ರದಲ್ಲಿ ಯಾವ ಬಿಂದುವನ್ನು ಮೊದಲು ಹಾಕಿದರೂ ಉತ್ತರ ಒಂದೇ. ಮೇಲೆ ಒಂದು ಕ್ರಮ, ಕೆಳಗೆ ಇನ್ನೊಂದು ಕ್ರಮ ಮಾಡಬೇಡಿ, ಅಷ್ಟೆ.

ಮಟ್ಟಸವಾದ ಗೆರೆಗೆ ಸ್ಲೋಪ್ ಸೊನ್ನೆ. ನೆಟ್ಟಗೆ ನಿಂತ ಗೆರೆಗೆ ಸ್ಲೋಪೇ ಇಲ್ಲ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಈ ಎರಡನ್ನು ಅದಲು ಬದಲು ಮಾಡಿ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಸಮಾಂತರ ಗೆರೆಗಳಿಗೆ ಸ್ಲೋಪ್ ಒಂದೇ. ಲಂಬವಾಗಿದ್ದರೆ ಗುಣಲಬ್ಧ −1. ಯಾಕೆ ಅಂತ ಒಮ್ಮೆ ಕೈಯಾರೆ ನೋಡಿ. ಕಾಗದದಲ್ಲಿ ಒಂದು ಮೆಟ್ಟಿಲು ಕತ್ತರಿಸಿ: ಮುಂದಕ್ಕೆ 2, ಮೇಲಕ್ಕೆ 1. ಅದನ್ನು ಎಡಕ್ಕೆ 90 ಡಿಗ್ರಿ ತಿರುಗಿಸಿ. ಮುಂದಕ್ಕೆ ಇದ್ದ 2 ಈಗ ಮೇಲಕ್ಕೆ ನಿಂತಿದೆ. ಮೇಲಕ್ಕೆ ಇದ್ದ 1 ಹಿಂದಕ್ಕೆ ಬಿದ್ದಿದೆ. 1/2 ಹೋಗಿ −2 ಆಯಿತು. ತಿರುಗಿಸಿ, ಚಿಹ್ನೆ ಬದಲಿಸಿ. ಇನ್ನು ಇದನ್ನು ಮರೆಯುವುದಿಲ್ಲ.

ಗೆರೆಯ ಸಮೀಕರಣ: ಒಂದೇ ರೂಪ ಸಾಕು

ಪುಸ್ತಕದಲ್ಲಿ ಗೆರೆಗೆ ಹಲವು ರೂಪಗಳಿವೆ. ನನ್ನ ಮಟ್ಟಿಗೆ ಒಂದು ಗೊತ್ತಿದ್ದರೆ ಸಾಕು: ಒಂದು ಬಿಂದು, ಒಂದು ಸ್ಲೋಪ್. ಎರಡು ಬಿಂದು ಕೊಟ್ಟರೆ ಮೊದಲು ಸ್ಲೋಪ್ ಮಾಡಿಕೊಳ್ಳಿ.

ತೋಪಿನಲ್ಲಿ (1, 2) ಮತ್ತು (4, 6) ಮರಗಳಿಗೆ ಒರಸಿಕೊಂಡು ಒಂದು ಕಾಲುದಾರಿ ನೇರವಾಗಿ ಹೋಗುತ್ತದೆ. ಸ್ಲೋಪ್ 4/3. ಹಾಗಾದರೆ

ವೈ − 2 = (4/3)(ಎಕ್ಸ್ − 1)

ಮೂರರಿಂದ ಗುಣಿಸಿ, ಎಲ್ಲವನ್ನೂ ಒಂದು ಕಡೆಗೆ ತನ್ನಿ:

4ಎಕ್ಸ್ − 3ವೈ + 2 = 0

ಬರೆದಾದ ಮೇಲೆ ಎರಡೂ ಮರಗಳನ್ನು ಹಾಕಿ ನೋಡಿ. 4 − 6 + 2 = 0. 16 − 18 + 2 = 0. ಸರಿ. ಈ ತಾಳೆಗೆ ಹತ್ತು ಸೆಕೆಂಡ್ ಸಾಕು. ಪಿಯುಸಿಯಲ್ಲಿ ನಾನು ಇಷ್ಟು ಮಾಡದೆ, ಒಂದು ಚಿಹ್ನೆ ತಪ್ಪಿ, ಅದರ ಮೇಲೆ ಕಟ್ಟಿದ ಐದು ಅಂಕದ ಲೆಕ್ಕವನ್ನು ಪೂರ್ತಿ ಕಳೆದುಕೊಂಡಿದ್ದೆ.

ಸ್ಲೋಪ್ ಬೇಕಾದರೆ ವೈ ಒಂದನ್ನೇ ಒಂದು ಕಡೆ ಬಿಡಿ: ವೈ = (4/3)ಎಕ್ಸ್ + 2/3. ಎಕ್ಸ್ ಜೊತೆ ಇರುವುದೇ ಸ್ಲೋಪ್. ಅಕ್ಷಗಳನ್ನು ಎಲ್ಲಿ ಕತ್ತರಿಸುತ್ತದೆ ಅಂತ ಕೇಳಿದರೆ ಒಮ್ಮೆ ಎಕ್ಸ್, ಒಮ್ಮೆ ವೈ ಸೊನ್ನೆ ಮಾಡಿ. ಇದಕ್ಕೆ ಬೇರೆ ಸೂತ್ರ ಯಾಕೆ?

ಬಿಂದುವಿನಿಂದ ಗೆರೆಗೆ ದೂರ

ಇಲ್ಲಿ ಸ್ವಲ್ಪ ನಿಲ್ಲಿ. ಇಡೀ ಪಾಠದ ಕೀಲಿ ಇದು.

ತೋಪಿನಲ್ಲಿ (3, −2) ಹತ್ತಿರ ಒಂದು ಕಾವಲು ಗುಡಿಸಲಿದೆ. ಬಾವಿಯಿಂದ ಪೂರ್ವಕ್ಕೆ ಮೂರು, ದಕ್ಷಿಣಕ್ಕೆ ಎರಡು. ಗುಡಿಸಲಿನಿಂದ ಆ ಕಾಲುದಾರಿಗೆ ನೇರ ದೂರ ಎಷ್ಟು? ನೇರ ಅಂದರೆ ಲಂಬವಾಗಿ, ಅತಿ ಹತ್ತಿರದ ದೂರ.

ಸಮೀಕರಣದ ಎಡಗಡೆಗೆ ಗುಡಿಸಲನ್ನು ಹಾಕಿ: 4(3) − 3(−2) + 2 = 12 + 6 + 2 = 20.

ಈ 20 ಏನು? ದಾರಿಯ ಮೇಲೆ ನಿಂತವರಿಗೆ ಈ ಲೆಕ್ಕ ಸೊನ್ನೆ ಕೊಡುತ್ತದೆ. ದಾರಿ ಬಿಟ್ಟು ದೂರ ಹೋದಷ್ಟೂ ಸಂಖ್ಯೆ ಬೆಳೆಯುತ್ತದೆ. ಆ ಕಡೆ ಹೋದರೆ ಪ್ಲಸ್, ಈ ಕಡೆ ಹೋದರೆ ಮೈನಸ್. ಹಾಗಾಗಿ 20 ದೂರದ ವಾಸನೆ ಹೇಳುತ್ತಿದೆ, ಪೂರ್ತಿ ದೂರ ಹೇಳುತ್ತಿಲ್ಲ. ಯಾಕೆಂದರೆ ಅದೇ ದಾರಿಯನ್ನು 8ಎಕ್ಸ್ − 6ವೈ + 4 = 0 ಅಂತಲೂ ಬರೆಯಬಹುದು. ಆಗ ಗುಡಿಸಲು ಹಾಕಿದರೆ 40 ಬರುತ್ತದೆ. ದಾರಿ ಅಲ್ಲೇ ಇದೆ, ಗುಡಿಸಲೂ ಅಲ್ಲೇ ಇದೆ, ಸಂಖ್ಯೆ ಮಾತ್ರ ಎರಡರಷ್ಟು. ಈ ಉಬ್ಬರ ತೆಗೆಯಬೇಕು.

ಎಕ್ಸ್ ಮತ್ತು ವೈ ಸಹಗುಣಕಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 4 ಮತ್ತು 3 ಕ್ಕೆ 5. 8 ಮತ್ತು 6 ಕ್ಕೆ 10. 20/5 = 4. 40/10 = 4. ಎರಡೂ ಕಡೆ ನಾಲ್ಕೇ. ಗುಡಿಸಲಿನಿಂದ ದಾರಿಗೆ 40 ಮೀಟರ್.

ಹಾಕಿ, ಭಾಗಿಸಿ, ಚಿಹ್ನೆ ಬಿಡಿ. ಇಷ್ಟೇ ಕ್ರಮ. ಆದರೆ ಸಮೀಕರಣದ ಬಲಗಡೆ ಸೊನ್ನೆ ಇರಲೇಬೇಕು. 4ಎಕ್ಸ್ − 3ವೈ = −2 ಅಂತ ಕೊಟ್ಟು ಮಕ್ಕಳನ್ನು ಬೀಳಿಸುವುದು ಪ್ರಶ್ನೆಪತ್ರಿಕೆಯವರ ಹಳೇ ಆಟ.

ಎರಡು ಸಮಾಂತರ ಗೆರೆಗಳ ನಡುವಿನ ದೂರಕ್ಕೆ ಬೇರೆ ಸೂತ್ರ ಬೇಡ. ಒಂದರ ಮೇಲೆ ಯಾವುದಾದರೂ ಬಿಂದು ಹಿಡಿದು ಇನ್ನೊಂದಕ್ಕೆ ದೂರ ಅಳೆಯಿರಿ.

ವೃತ್ತ: ಮೇಟಿ ಮತ್ತು ಹಗ್ಗ

ಅಜ್ಜನ ಕಾಲದ ರಾಗಿ ಕಣ ನೋಡಿದವರಿಗೆ ವೃತ್ತ ವಿವರಿಸಬೇಕಿಲ್ಲ. ನಡುವೆ ಮೇಟಿ, ಅದಕ್ಕೆ ಹಗ್ಗ, ಹಗ್ಗದ ತುದಿಯಲ್ಲಿ ಸುತ್ತುವ ಎತ್ತು. ಈಗೇನು, ತೆನೆಯನ್ನು ಟಾರು ರಸ್ತೆಗೆ ಹರಡಿ ಬಸ್ಸು ಲಾರಿ ಕೈಯಲ್ಲೇ ಒಕ್ಕಣೆ ಮಾಡಿಸುತ್ತೇವೆ. ಮೇಟಿ ಅಂದರೆ ಏನು ಅಂತ ಕೇಳುವ ಮಕ್ಕಳೂ ಬಂದಿದ್ದಾರೆ.

ಮೇಟಿ ಕೇಂದ್ರ. ಹಗ್ಗ ತ್ರಿಜ್ಯ. ವೃತ್ತದ ಸಮೀಕರಣ ಹೇಳುವುದು ಒಂದೇ ಮಾತು: ಮೇಟಿಯಿಂದ ದೂರ ಎಲ್ಲೆಲ್ಲೂ ಸಮ.

ಗುಡಿಸಲಿನ ಕಾವಲುಗಾರನ ಟಾರ್ಚಿಗೆ 50 ಮೀಟರ್‌ವರೆಗೆ ಆಳು ಕಾಣುತ್ತಾನೆ ಅಂತಿಟ್ಟುಕೊಳ್ಳಿ. ಕೇಂದ್ರ (3, −2), ತ್ರಿಜ್ಯ 5.

(ಎಕ್ಸ್ − 3)² + (ವೈ + 2)² = 25

ಬಿಡಿಸಿ ಬರೆದರೆ

ಎಕ್ಸ್² + ವೈ² − 6ಎಕ್ಸ್ + 4ವೈ − 12 = 0

ಪರೀಕ್ಷೆಯಲ್ಲಿ ಸಿಗುವುದು ಈ ಬಿಡಿಸಿದ ರೂಪ. ಅದರಿಂದ ಮೇಟಿ ಹುಡುಕಬೇಕು. ಎಕ್ಸ್ ಜೊತೆ −6 ಇದೆ. ಅರ್ಧ ಮಾಡಿ, ಚಿಹ್ನೆ ಬದಲಿಸಿ: 3. ವೈ ಜೊತೆ 4. ಅರ್ಧ ಮಾಡಿ, ಚಿಹ್ನೆ ಬದಲಿಸಿ: −2. ಕೇಂದ್ರ ಸಿಕ್ಕಿತು. ತ್ರಿಜ್ಯಕ್ಕೆ ಈ ಎರಡರ ವರ್ಗ ಕೂಡಿಸಿ, ಕೊನೆಯ ಸಂಖ್ಯೆಯನ್ನು ಕಳೆಯಿರಿ: 9 + 4 − (−12) = 25. ವರ್ಗಮೂಲ 5.

ಈ ಕ್ರಮ ಶುರು ಮಾಡುವ ಮುಂಚೆ ಎಕ್ಸ್² ಮತ್ತು ವೈ² ಮುಂದೆ 1 ಇದೆಯಾ ನೋಡಿ. 2 ಇದ್ದರೆ ಇಡೀ ಸಮೀಕರಣವನ್ನು 2 ರಿಂದ ಭಾಗಿಸಿಯೇ ಮುಂದಕ್ಕೆ ಹೋಗಿ. ಕೆಲವೊಮ್ಮೆ ವೃತ್ತವೇ ಇರುವುದಿಲ್ಲ. ಎಕ್ಸ್² + ವೈ² − 2ಎಕ್ಸ್ − 4ವೈ + 9 = 0 ತೆಗೆದುಕೊಳ್ಳಿ. 1 + 4 − 9 = −4. ಹಗ್ಗದ ಉದ್ದದ ವರ್ಗ ಮೈನಸ್ ಆಗುತ್ತಾ? ಅಂಥ ವೃತ್ತ ಇಲ್ಲ ಅಂತ ಬರೆದು ಎದ್ದೇಳಿ.

ಗೆರೆ ವೃತ್ತಕ್ಕೆ ಸಿಗುತ್ತದಾ?

ಈಗ ಕಳ್ಳ ಬರುತ್ತಾನೆ. ಮಾವಿನ ಕಾಲದಲ್ಲಿ ಬರದೇ ಇರುತ್ತಾನಾ? ಆ ಕಾಲುದಾರಿಯಲ್ಲೇ ನಡೆದು ಹೋಗುತ್ತಾನೆ. ಟಾರ್ಚಿಗೆ ಸಿಗುತ್ತಾನಾ?

ಬಹಳ ಮಕ್ಕಳು ತಕ್ಷಣ ಗೆರೆಯ ಸಮೀಕರಣವನ್ನು ವೃತ್ತದೊಳಗೆ ತುರುಕಿ ವರ್ಗ ಸಮೀಕರಣ ಮಾಡಲು ಕೂರುತ್ತಾರೆ. ಅರ್ಧ ಪುಟ ಹೋಗುತ್ತದೆ. ಬೇಡ. ಕೇಂದ್ರದಿಂದ ದಾರಿಗೆ ದೂರ 4 ಅಂತ ಆಗಲೇ ಅಳೆದಿದ್ದೇವೆ. ಟಾರ್ಚ್ 5 ರವರೆಗೆ ಹೋಗುತ್ತದೆ. 4 ಕಡಿಮೆ. ಸಿಕ್ಕಿಬಿದ್ದ.

ದೂರ ತ್ರಿಜ್ಯಕ್ಕಿಂತ ಕಡಿಮೆ ಇದ್ದರೆ ಗೆರೆ ವೃತ್ತವನ್ನು ಎರಡು ಕಡೆ ಕತ್ತರಿಸುತ್ತದೆ. ಸಮ ಇದ್ದರೆ ಒಂದೇ ಕಡೆ ಸವರಿಕೊಂಡು ಹೋಗುತ್ತದೆ, ಅದೇ ಸ್ಪರ್ಶಕ. ಜಾಸ್ತಿ ಇದ್ದರೆ ಮುಟ್ಟುವುದೇ ಇಲ್ಲ.

ಮುಂದಿನ ಪ್ರಶ್ನೆ: ದಾರಿಯಲ್ಲಿ ಎಷ್ಟು ಉದ್ದ ಅವನು ಬೆಳಕಿನಲ್ಲಿರುತ್ತಾನೆ? ಅಂದರೆ ಜ್ಯಾ ಉದ್ದ ಎಷ್ಟು? ಚಿತ್ರ ಬರೆಯಿರಿ. ಗುಡಿಸಲಿನಿಂದ ದಾರಿಗೆ ಲಂಬ 4, ದಾರಿ ಬೆಳಕಿಗೆ ಸೇರುವ ಬಿಂದುವಿಗೆ ತ್ರಿಜ್ಯ 5. ಪೈಥಾಗೊರಸ್ ಹಾಕಿದರೆ 25 − 16 = 9, ಉಳಿದ ಬಾಹು 3. ಲಂಬದ ಎರಡೂ ಕಡೆ ಮೂರು ಮೂರು, ಒಟ್ಟು 6. ಹಾಗಾಗಿ 60 ಮೀಟರ್ ದೂರ ಕಳ್ಳ ಕಣ್ಣಿಗೆ ಬೀಳುತ್ತಾನೆ. ಎರಡೇ ಸಾಲಿನಲ್ಲಿ ಲೆಕ್ಕ ಮುಗಿಯಿತು.

ಆದರೆ ಎಲ್ಲಿ ಬೆಳಕಿಗೆ ಬಂದ, ಎಲ್ಲಿ ಮರೆಯಾದ ಅಂತ ಬಿಂದುಗಳನ್ನೇ ಕೇಳಿದರೆ ಆಗ ವರ್ಗ ಸಮೀಕರಣ ಮಾಡಲೇಬೇಕು. ವೈ = (4ಎಕ್ಸ್ + 2)/3 ಅಂತ ಹಾಕಿದರೆ ಕೊನೆಗೆ 5ಎಕ್ಸ್² + 2ಎಕ್ಸ್ − 16 = 0 ಸಿಗುತ್ತದೆ. ಎಕ್ಸ್ = 1.6 ಅಥವಾ −2. ಬಿಂದುಗಳು (1.6, 2.8) ಮತ್ತು (−2, −2). ಇವೆರಡರ ನಡುವೆ ದೂರ ಅಳೆದು ನೋಡಿ: ಅಡ್ಡ 3.6, ನೆಟ್ಟ 4.8, ದೂರ 6. ತಾಳೆ ಆಯಿತು. ಮನೆಯಲ್ಲಿ ಒಮ್ಮೆ ಪೂರ್ತಿ ಬಿಡಿಸಿ ನೋಡಿ. ಯಾವ ದಾರಿ ಹತ್ತಿರ ಅಂತ ಕೈಗೇ ಗೊತ್ತಾಗುತ್ತದೆ.

ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದೂ ಕಾಲು ನಿಮಿಷದ ಮೇಲೆ ಸ್ವಲ್ಪ. ಅಲ್ಲಿ ಕೇಂದ್ರದಿಂದ ಅಳೆಯುವವರು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ, ತುರುಕಿ ಬಿಡಿಸುವವರು ಇನ್ನೂ ಆವರಣ ತೆಗೆಯುತ್ತಿರುತ್ತಾರೆ.

ಸ್ಪರ್ಶಕ: ಬೆಳಕಿನ ಅಂಚಿನಲ್ಲಿ

(6, 2) ರಲ್ಲಿರುವ ಮರ ವೃತ್ತದ ಮೇಲೇ ಇದೆ: 9 + 16 = 25. ಆ ಮರದ ಬುಡದಲ್ಲಿ ವೃತ್ತವನ್ನು ಮುಟ್ಟಿ ಹೋಗುವ ಸ್ಪರ್ಶಕ ಬರೆಯಿರಿ.

ಸ್ಪರ್ಶಕ ಯಾವಾಗಲೂ ತ್ರಿಜ್ಯಕ್ಕೆ ಲಂಬ. ಗುಡಿಸಲಿನಿಂದ ಮರಕ್ಕೆ ಸ್ಲೋಪ್ 4/3. ತಿರುಗಿಸಿ, ಚಿಹ್ನೆ ಬದಲಿಸಿ: −3/4. ಬಿಂದು (6, 2).

ವೈ − 2 = (−3/4)(ಎಕ್ಸ್ − 6), ಅಂದರೆ 3ಎಕ್ಸ್ + 4ವೈ − 26 = 0

ತಾಳೆ ನೋಡಲು ಮತ್ತೆ ಅದೇ ಕೀಲಿ. ಕೇಂದ್ರ ಹಾಕಿ: 9 − 8 − 26 = −25. ಚಿಹ್ನೆ ಬಿಟ್ಟು 5 ರಿಂದ ಭಾಗಿಸಿದರೆ 5. ತ್ರಿಜ್ಯಕ್ಕೆ ಸಮ.

ಇನ್ನೊಂದು ಬಗೆಯ ಪ್ರಶ್ನೆ: ಕಾಲುದಾರಿಗೆ ಸಮಾಂತರವಾದ ಸ್ಪರ್ಶಕಗಳು. ಸಮಾಂತರ ಆದ್ದರಿಂದ 4ಎಕ್ಸ್ − 3ವೈ + ಕೆ = 0. ಕೇಂದ್ರದಿಂದ ದೂರ 5 ಆಗಬೇಕು. ಕೇಂದ್ರ ಹಾಕಿದರೆ 12 + 6 + ಕೆ, ಅದನ್ನು 5 ರಿಂದ ಭಾಗಿಸಿದರೆ ದೂರ. ಹಾಗಾಗಿ 18 + ಕೆ ಎಂಬುದು 25 ಅಥವಾ −25. ಕೆ = 7 ಅಥವಾ −43. ಈ −43 ಅನ್ನು ಮರೆಯುವವರೇ ಜಾಸ್ತಿ. ವೃತ್ತಕ್ಕೆ ಎರಡು ದಡ ಇದೆಯಲ್ಲ, ಆ ಕಡೆಯೂ ಒಂದು ಸ್ಪರ್ಶಕ ಇರಲೇಬೇಕು. ಚಿತ್ರ ಬರೆದವರು ಇದನ್ನು ಮರೆಯುವುದಿಲ್ಲ.

ಹೊರಗಿನ ಬಿಂದುವಿನಿಂದ ಸ್ಪರ್ಶಕದ ಉದ್ದ ಕೇಳಿದರೆ ಬಿಂದುವನ್ನು ವೃತ್ತದ ಸಮೀಕರಣದ ಎಡಗಡೆಗೆ ಹಾಕಿ ವರ್ಗಮೂಲ ತೆಗೆಯಿರಿ. (15, 3) ಕ್ಕೆ 225 + 9 − 90 + 12 − 12 = 144. ಉದ್ದ 12. ಇದೂ ಪೈಥಾಗೊರಸ್ಸೇ: ಕೇಂದ್ರಕ್ಕೆ 13, ತ್ರಿಜ್ಯ 5, ಉಳಿದದ್ದು 12.

ಮೂರು ಬಿಂದು ಕೊಟ್ಟರೆ

ಸಾಮಾನ್ಯ ದಾರಿ ಎಲ್ಲರಿಗೂ ಗೊತ್ತು: ಮೂರನ್ನೂ ಹಾಕಿ ಮೂರು ಸಮೀಕರಣ ಬಿಡಿಸುವುದು. ಅದಕ್ಕೆ ಮುಂಚೆ ಚಿತ್ರ ನೋಡಿ. (0, 0), (6, 0), (0, 8) ಕೊಟ್ಟಿದ್ದಾರೆ ಅನ್ನಿ. ಮೂಲಬಿಂದುವಿನಲ್ಲಿ ಲಂಬಕೋನ ಇದೆ. ಅರ್ಧವೃತ್ತದ ಕೋನ 90 ಡಿಗ್ರಿ ಅಂತ ಓದಿದ್ದೇವಲ್ಲ, ಹಾಗಾಗಿ ಎದುರಿನ ಬಾಹುವೇ ವ್ಯಾಸ. ಅದರ ಮಧ್ಯಬಿಂದು (3, 4) ಕೇಂದ್ರ, ತ್ರಿಜ್ಯ 5. ಬಾಯಲ್ಲೇ ಮುಗಿಯಿತು. ಆ ಹುಡುಗಿ ಇದೇ ಲೆಕ್ಕವನ್ನು ಒಂದೂವರೆ ಪುಟ ಮಾಡಿದ್ದಳು. ಉತ್ತರ ಸರಿಯೇ ಇತ್ತು, ಸುಮ್ನೆ ಸುಸ್ತಾಗಿದ್ದಳು.

ಎರಡು ವೃತ್ತ, ಇಬ್ಬರು ಕಾವಲುಗಾರರು

ಇಲ್ಲೂ ಕೇಂದ್ರಗಳ ನಡುವಿನ ದೂರವೇ ತೀರ್ಮಾನ ಹೇಳುತ್ತದೆ. ದೂರ ಎರಡು ತ್ರಿಜ್ಯಗಳ ಮೊತ್ತಕ್ಕಿಂತ ಜಾಸ್ತಿ ಇದ್ದರೆ ವೃತ್ತಗಳು ಬೇರೆ ಬೇರೆ. ಮೊತ್ತಕ್ಕೆ ಸಮ ಇದ್ದರೆ ಹೊರಗಿನಿಂದ ಮುಟ್ಟುತ್ತವೆ. ಮೊತ್ತಕ್ಕೂ ವ್ಯತ್ಯಾಸಕ್ಕೂ ನಡುವೆ ಇದ್ದರೆ ಎರಡು ಕಡೆ ಕತ್ತರಿಸುತ್ತವೆ.

ಹುಡುಗಿಗೆ ಕೊನೆಗೆ ಕೊಟ್ಟ ಲೆಕ್ಕ ಇದು. (9, 6) ರಲ್ಲಿ ಇನ್ನೊಂದು ಗುಡಿಸಲು ಹಾಕಿದರು, ಅಲ್ಲೂ 50 ಮೀಟರಿನ ಟಾರ್ಚು. ಅವಳು ಮೊದಲು ಎರಡು ವೃತ್ತ ಬರೆದಳು. ಆಮೇಲೆ ಗುಡಿಸಲುಗಳ ದೂರ ತೆಗೆದಳು: 36 + 64 = 100, ದೂರ 10. ತ್ರಿಜ್ಯಗಳ ಮೊತ್ತವೂ 10. ಮುಟ್ಟುತ್ತವೆ. ಎಲ್ಲಿ? ತ್ರಿಜ್ಯ ಸಮ ಇರುವುದರಿಂದ ಸರಿ ನಡುವೆ, (6, 2) ರಲ್ಲಿ. ಎರಡನೇ ವೃತ್ತ ಎಕ್ಸ್² + ವೈ² − 18ಎಕ್ಸ್ − 12ವೈ + 92 = 0. ಮೊದಲನೆಯದರಿಂದ ಇದನ್ನು ಕಳೆದಳು. ವರ್ಗಗಳೆಲ್ಲ ಹೋಗಿ 12ಎಕ್ಸ್ + 16ವೈ − 104 = 0 ಉಳಿಯಿತು. ನಾಲ್ಕರಿಂದ ಭಾಗಿಸಿದರೆ 3ಎಕ್ಸ್ + 4ವೈ − 26 = 0. ಆಗಲೇ ಬರೆದಿದ್ದ ಸ್ಪರ್ಶಕ! ಎರಡಕ್ಕೂ ಅದೇ ಸ್ಪರ್ಶಕ.

ಅವಳು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಚಿತ್ರ ನೋಡಿದಳು. "ಸಾರ್, ಈ ಗೆರೆ ಮೇಲೆ ಬಂದರೆ ಕಳ್ಳ ಇಬ್ಬರ ಕಣ್ಣೂ ತಪ್ಪಿಸಬಹುದು. ಆದ್ರೆ ಆರನೇದರಿಂದ ಮೇಲಕ್ಕೆ ಎರಡನೇ ಮರದ ಹತ್ರ ಇಬ್ಬರಿಗೂ ಒಟ್ಟಿಗೆ ಸಿಕ್ತಾನೆ."

ಕಾಯಿ ಬಲಿತಿದೆ ಅಂತ ಅಪ್ಪನಿಗೆ ಹೇಳುತ್ತೇನೆ ಅಂದಿದ್ದು ಅದೇ ಮರ.